ಪರ್ಯುಷಿತವಿಚಾರ: ಮಿಕ್ಕ ಮೀನಡಿಗೆಯ ರಕ್ಷಣೆಯೂ ಕೆಟ್ಟುದರ ಲಕ್ಷಣಗಳೂ

೧

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯು ಸಮುದ್ರವನ್ನು ಕಾಣದ ಊರು. ಪಶ್ಚಿಮದ ಕಡಲತೀರಕ್ಕೂ ಈ ಊರಿಗೂ ನಡುವೆ ಸಹ್ಯಾದ್ರಿಯ ಘಟ್ಟಗಳೂ ನೂರು ಕಿಲೋಮೀಟರಿಗೆ ಮೀರಿದ ದಾರಿಯೂ ಇವೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಈ ಸೀಮೆಗೆ ಕಡಲಮೀನು ಬಹುಕಾಲ ಬಂದುದು ಉಪ್ಪು ಹಿಡಿದು ಒಣಗಿದ ರೂಪದಿಂದ. ಹಸಿಯ ಮೀನೆಂದರೆ ಕೆರೆಹಳ್ಳಗಳದು. ಈಗಲಾದರೋ ಮಂಜುಗಡ್ಡೆಯಲ್ಲಿಟ್ಟ ಬಂಗಡೆಯೂ ತಾರ್ಲಿಯೂ ಸಿಗಡಿಯೂ ಘಟ್ಟವನ್ನೇರಿ ಬಯಲುಸೀಮೆಯ ಪೇಟೆಗಳಿಗೆ ಬರುತ್ತವೆ. ಪದಾರ್ಥವು ಹೊಸದು, ಅದನ್ನು ಬೇಯಿಸಿ ಉಂಡು ಮಿಕ್ಕುದನ್ನು ಇಟ್ಟುಕೊಳ್ಳುವಾಗ ಬಳಸುವ ಪರೀಕ್ಷೆಯು ಮಾತ್ರ ಹಳೆಯದು. ಪಾತ್ರೆಯ ಮುಚ್ಚಳವನ್ನು ತೆಗೆದು ಮೂಸಿ ನೋಡುವುದು, ನಾರದಿದ್ದರೆ ಕಾಯಿಸಿ ಉಣ್ಣುವುದು, ಇದೇ ಆ ಪರೀಕ್ಷೆ.

ಮೂಗಿನ ಈ ಪರೀಕ್ಷೆಯು ಹಿರಿಯರಿಂದ ಬಂದುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಧರ್ಮಶಾಸ್ತ್ರ, ವೈದ್ಯಶಾಸ್ತ್ರ, ಪಾಕಶಾಸ್ತ್ರಗಳ ಗ್ರಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಕ್ರಮವು ಗೋಚರಿಸುತ್ತದೆ. ಅಲ್ಲಿ ಮೊದಲ ಪ್ರಮಾಣವು ಕಾಲ. ಗಂಧವು ಅದರ ಅನಂತರದ್ದು. ಆ ಗ್ರಂಥಗಳಲ್ಲಿ ಎರಡು ಕಲ್ಯಾಣದ ಚಾಳುಕ್ಯರ ಆಸ್ಥಾನಕ್ಕೆ ಸೇರಿದವಾಗಿರುವುದೂ, ಆ ಅರಸುಮನೆತನಕ್ಕೆ ಈ ಸೀಮೆಯೊಡನೆ ನೇರವಾದ ಸಂಬಂಧವಿದ್ದುದೂ ಈ ವಿಚಾರವನ್ನು ಇಲ್ಲಿಂದಲೇ ಆರಂಭಿಸಲು ಕಾರಣವಾಗಿವೆ. ಕಾಲದ ಪ್ರಮಾಣವು ಮರೆತುಹೋದುದು ಹೇಗೆ, ಅದನ್ನು ಮರೆತುದರಿಂದ ಆಗುವ ಹಾನಿಯೇನು ಎಂಬುದನ್ನು ಮುಂದೆ ವಿಚಾರಿಸಲಾಗಿದೆ.

೨

ಮೊದಲು ಶಬ್ದಗಳನ್ನು ನೋಡತಕ್ಕದ್ದು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ತಾಮಸಾಹಾರವನ್ನು ಹೇಳುವಾಗ ಯಾತಯಾಮ, ಗತರಸ, ಪೂತಿ, ಪರ್ಯುಷಿತ ಎಂಬ ನಾಲ್ಕು ವಿಶೇಷಣಗಳು ಬಂದಿವೆ. ಇವನ್ನು ಪರ್ಯಾಯಪದಗಳೆಂದು ಎಣಿಸುವುದು ಸರಿಯಲ್ಲ. ಪೂತಿಯೆಂದರೆ ದುರ್ಗಂಧವುಳ್ಳದ್ದು, ಅದು ಇಂದ್ರಿಯಕ್ಕೆ ಗೋಚರವಾದ ದೋಷ. ಪರ್ಯುಷಿತವೆಂಬುದು ವಾಸಾರ್ಥದ ವಸ್ ಧಾತುವಿನಿಂದ ಬಂದುದರಿಂದ ಇರುಳನ್ನು ಕಳೆದು ಉಳಿದದ್ದು ಎಂದು ಅರ್ಥ. ಇದರಲ್ಲಿ ಗಂಧದ ಪ್ರಸ್ತಾಪವೇ ಇಲ್ಲ. ನಾರಲಿ, ನಾರದಿರಲಿ, ರಾತ್ರಿ ಕಳೆದ ಪಕ್ವಾನ್ನವು ಪರ್ಯುಷಿತವೇ. ಯಾತಯಾಮವೆಂಬ ಪದದ ವಿಷಯದಲ್ಲಿ ಭಾಷ್ಯಕಾರರಲ್ಲಿ ಭೇದವುಂಟು. ಶ್ರೀಶಂಕರಾಚಾರ್ಯರು ಅದನ್ನು ಸರಿಯಾಗಿ ಬೇಯದ ಅನ್ನವೆಂದು ತೆಗೆದುಕೊಂಡರು. ಸಾರಗುಂದಿದ್ದು ಎಂಬರ್ಥವು ಗತರಸಪದದಿಂದಲೇ ಬರುವುದೆಂಬುದು ಅವರ ಯುಕ್ತಿ. ಶ್ರೀರಾಮಾನುಜಾಚಾರ್ಯರು ಬಹುಕಾಲ ಇಟ್ಟದ್ದು ಎಂದು ಅರ್ಥಮಾಡಿದರು. ಪ್ರಕೃತ ವಿಷಯಕ್ಕೆ ಎರಡು ಅರ್ಥಗಳೂ ಉಪಯುಕ್ತವೇ. ಅರೆಬೆಂದುದು, ಬಹಳ ಹೊತ್ತು ಇಟ್ಟದ್ದು, ಇವೆರಡೂ ಅಡಿಗೆ ಕೆಡುವುದಕ್ಕೆ ಮುಖ್ಯ ಕಾರಣಗಳೆಂಬುದು ಇಂದಿನ ಶಾಸ್ತ್ರಕ್ಕೂ ಸಮ್ಮತವಾಗಿದೆ.

ಕನ್ನಡದಲ್ಲಿಯೂ ಇಂಥದೇ ವಿಭಾಗವಿರುವುದು ಗಮನಾರ್ಹವಾಗಿದೆ. ತಂಗಳು ಎಂಬುದು ತಣ್, ಕೂೞ್ ಎಂಬೆರಡು ಶಬ್ದಗಳು ಸೇರಿ ಆದ ತಂಗೂೞ್ ಎಂಬುದರಿಂದ ಬಂದುದು; ತಣಿದ ಕೂಳು ಎಂದು ಅದರ ಅರ್ಥ. ಹಳಸು ಎಂಬುದರ ಪೂರ್ವರೂಪವಾದ ಪೞಸು ಎಂಬುದರಲ್ಲಿ ಹಳತಾಗುವ ಅರ್ಥವಿದೆ. ನಾರು ಎಂಬುದು ಹಳಗನ್ನಡದಲ್ಲಿ ನಾಱು. ಅಲ್ಲಿ ಅದಕ್ಕೆ ವಾಸನೆ ಬೀರುವುದೆಂದಷ್ಟೇ ಅರ್ಥ. ಹೂವೂ ನಾಱುತ್ತಿದ್ದಿತು. ಕೆಟ್ಟ ವಾಸನೆಯೆಂಬ ಅರ್ಥವು ಅದಕ್ಕೆ ಮೀಸಲಾದುದು ಆಮೇಲೆ. ಹೀಗೆ ಒಂದು ಶಬ್ದವು ಉಷ್ಣ ಇಳಿದುದನ್ನೂ, ಒಂದು ಕಾಲ ಕಳೆದುದನ್ನೂ, ಮತ್ತೊಂದು ಗಂಧವನ್ನೂ ಹೇಳುತ್ತವೆ. ಇಂದಿನ ಬಳಕೆಯಲ್ಲಿ ಹಳಸಿತೆಂದರೂ ನಾರಿತೆಂದರೂ ಒಂದೇ ಎಂಬಂತಾಗಿದೆ. ಶಬ್ದಗಳ ಭೇದ ಅಳಿದಾಗ ವಸ್ತುಗಳ ಭೇದವೂ ಮರೆಯುವುದು ಸಹಜ.

೩

ಬಂಕಾಪುರವು ಶಿಗ್ಗಾಂವಿ ತಾಲೂಕಿನಲ್ಲಿಯೇ ಇದೆ. ಕ್ರಿ. ಶ. ೧೦೫೫ರ ಅಲ್ಲಿಯ ಶಾಸನದಲ್ಲಿ ಚಾಳುಕ್ಯ ರಾಜಕುಮಾರನಾದ ವಿಕ್ರಮಾದಿತ್ಯನು ಗಂಗವಾಡಿ, ಬನವಾಸಿ ನಾಡುಗಳನ್ನು ಆಳುತ್ತಿದ್ದುದೂ ಅವನ ಕೈಕೆಳಗೆ ಕದಂಬರ ಹರಿಕೇಸರಿಯಿದ್ದುದೂ ಉಕ್ತವಾಗಿದೆ. ಈ ರಾಜಕುಮಾರನೇ ಮುಂದೆ ಆರನೆಯ ವಿಕ್ರಮಾದಿತ್ಯನಾಗಿ ಕ್ರಿ. ಶ. ೧೦೭೬ರಿಂದ ೧೧೨೬ರ ವರೆಗೆ ಕಲ್ಯಾಣದಲ್ಲಿ ಆಳಿದನು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ವ್ಯವಹಾರಕಾಂಡದಿಂದ ಲೋಕವಿಖ್ಯಾತವಾಗಿದೆಯಾದರೂ ಅದರ ಆಚಾರಕಾಂಡದ ಭಕ್ಷ್ಯಾಭಕ್ಷ್ಯವಿಚಾರವನ್ನು ಓದುವವರು ವಿರಳ.

ಅಲ್ಲಿ ಶುಕ್ತ, ಪರ್ಯುಷಿತ ಎಂಬ ಎರಡು ದೋಷಗಳು ಬೇರೆಬೇರೆಯಾಗಿ ವಿವೃತವಾಗಿವೆ. ಪರ್ಯುಷಿತವೆಂದರೆ ನಡುವೆ ಒಂದು ರಾತ್ರಿ ಕಳೆದದ್ದು. ಶುಕ್ತವೆಂದರೆ ಸ್ವಭಾವದಿಂದ ಹುಳಿಯಲ್ಲದಿದ್ದು ಇಟ್ಟ ಕಾಲದಿಂದಾಗಲಿ ಬೇರೆ ದ್ರವ್ಯ ಸೇರಿ ನಿಂತುದರಿಂದಾಗಲಿ ಹುಳಿಯಾದದ್ದು. ಮೊಸರು ಮೊದಲಾದವು ಇದಕ್ಕೆ ಸೇರವು. ಸ್ವಭಾವದ ಹುಳಿಯನ್ನೂ ಕಾಲದಿಂದ ಬಂದ ಹುಳಿಯನ್ನೂ ಬೇರ್ಪಡಿಸಿದ ಈ ಲಕ್ಷಣವು ಸೂಕ್ಷ್ಮವಾದುದು. ಇದರ ಪ್ರಯೋಜನವು ಹುಣಿಸೆ ಹಾಕಿದ ಮೀನುಸಾರಿನ ಪ್ರಸಂಗದಲ್ಲಿ ಮುಂದೆ ವ್ಯಕ್ತವಾಗುವುದು.

ಪರ್ಯುಷಿತದ ನಿಷೇಧಕ್ಕೆ ಅಪವಾದಗಳೂ ಉಂಟು. ತುಪ್ಪ, ಎಣ್ಣೆಗಳಿಂದ ಕೂಡಿದ ಅನ್ನವನ್ನು ಇಟ್ಟು ಉಣ್ಣಬಹುದು. ಗೋದಿ, ಜವೆ, ಹಾಲುಗಳ ವಿಕಾರಗಳಿಗೆ ಜಿಡ್ಡೂ ಬೇಡ. ಮನುಸ್ಮೃತಿಯ ಐದನೆಯ ಅಧ್ಯಾಯದ ಅಭಿಪ್ರಾಯವೂ ಇದೇ. ಅದೇ ಅಧ್ಯಾಯದಲ್ಲಿ ಪಾಠೀನ, ರೋಹಿತ ಮೊದಲಾದ ಮೀನುಗಳು ಹೆಸರುಹಿಡಿದು ಬಂದಿದ್ದರೂ, ಇಟ್ಟು ಉಣ್ಣಬಹುದಾದ ಪದಾರ್ಥಗಳ ಸಾಲಿನಲ್ಲಿ ಮೀನಿನ ಹೆಸರಿಲ್ಲ. ನೀರಿಳಿದ, ಜಿಡ್ಡು ಹಿಡಿದ ಧಾನ್ಯಪದಾರ್ಥಕ್ಕೆ ಕೊಟ್ಟ ಸಡಿಲವನ್ನು ನೀರಿನಿಂದ ಕೂಡಿದ ಮೃದುವಾದ ಮೀನಿಗೆ ಸ್ಮೃತಿಕಾರರು ಕೊಟ್ಟವರಲ್ಲ.

ಇಂಥ ವಿವೇಕವು ಲೋಕದಲ್ಲಿ ಏಕೆ ಮರೆಯಾಯಿತೆಂಬುದಕ್ಕೆ ಉತ್ತರವು ಆ ಶ್ಲೋಕಗಳ ಜೋಡಣೆಯಲ್ಲಿಯೇ ಇದೆ. ಯಾಜ್ಞವಲ್ಕ್ಯನು ಕೂದಲು ಹುಳು ಬಿದ್ದದ್ದು, ಹುಳಿತದ್ದು, ರಾತ್ರಿ ಕಳೆದದ್ದು ಎಂಬವುಗಳ ಪಕ್ಕದಲ್ಲಿಯೇ ಪತಿತನು ನೋಡಿದ ಅನ್ನವನ್ನೂ ಸೇರಿಸಿ ಹೇಳಿದ್ದಾನೆ. ದೇಹಕ್ಕೆ ಹಾನಿಯಾದದ್ದೂ ಜಾತ್ಯಾಚಾರಕ್ಕೆ ಮಾತ್ರ ಸಂಬಂಧಿಸಿದ್ದೂ ಒಂದೇ ಪಟ್ಟಿಯಲ್ಲಿ ಕುಳಿತವು. ಪಾಠಶಾಲೆಗಳಲ್ಲಿ ಈ ಪಟ್ಟಿಯು ಮಡಿಯ ವಿಧಿಯೆಂದೇ ಬೋಧಿಸಲ್ಪಟ್ಟಿತು. ಮಡಿಯನ್ನು ಬಿಟ್ಟವರು ಪಟ್ಟಿಯನ್ನೆಲ್ಲ ಬಿಟ್ಟರು. ಹಿಡಿದವರಾದರೋ ಮೀನನ್ನು ಉಣ್ಣದವರಾದುದರಿಂದ ಆ ದೃಷ್ಟಿಯಿಂದ ಅದನ್ನು ವಿಚಾರಿಸಲಿಲ್ಲ. ಪತಿತದೃಷ್ಟಿಯ ದೋಷವು ತ್ಯಾಜ್ಯವಾದ ಕಲ್ಪನೆ. ರಾತ್ರಿ ಕಳೆದ ಅನ್ನದ ದೋಷವು ಪ್ರತ್ಯಕ್ಷಸಿದ್ಧವಾದುದು. ಇವೆರಡನ್ನೂ ಬೇರ್ಪಡಿಸುವುದು ವಿದ್ವಾಂಸರ ಕರ್ತವ್ಯವಾಗಿದೆ.

೪

ವೈದ್ಯಗ್ರಂಥಗಳಲ್ಲಿ ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ಅನ್ನರಕ್ಷೆಯೆಂದೇ ಹೆಸರು. ಅರಸನ ಊಟಕ್ಕೆ ಶತ್ರುಗಳು ವಿಷವಿಕ್ಕದಂತೆ ವೈದ್ಯನು ಕಾಯುವ ಬಗೆ ಅಲ್ಲಿ ನಿರೂಪಿತವಾಗಿದೆ. ವಿಷ ಸೇರಿದ ಅನ್ನವು ಬೇಯಲು ತಡವಾಗುವುದು, ಬೆಂದ ಮೇಲೆ ಪರ್ಯುಷಿತದಂತೆ ಕಾಣುವುದು, ವ್ಯಂಜನಗಳು ಬೇಗ ಒಣಗುವುದು, ದ್ರವಗಳಲ್ಲಿ ಬಣ್ಣಬಣ್ಣದ ಗೆರೆಗಳು ಮೂಡುವುದು ಎಂದು ಮುಂತಾಗಿ ಲಕ್ಷಣಗಳಿವೆ. ಇಲ್ಲಿ ಎರಡು ಅಂಶಗಳು ವಿಚಾರಾರ್ಹ. ಮೊದಲನೆಯದಾಗಿ, ತಿಳಿಯದುದನ್ನು ತಿಳಿದುದಕ್ಕೆ ಹೋಲಿಸುವುದು ಉಪಮೆಯ ಧರ್ಮ. ವಿಷಾನ್ನವನ್ನು ಪರ್ಯುಷಿತಕ್ಕೆ ಹೋಲಿಸಿದ್ದರಿಂದ ತಂಗಳಾದ ಅಡಿಗೆಯ ಚಿಹ್ನೆಗಳು ಅಂದಿನ ಅಡಿಗೆಮನೆಗಳಲ್ಲಿ ಸರ್ವವಿದಿತವಾಗಿದ್ದುವೆಂದು ಊಹಿಸಬಹುದು. ಎರಡನೆಯದಾಗಿ, ವಾಗ್ಭಟನು ಮನುಷ್ಯನ ಕಣ್ಣುಮೂಗುಗಳಿಗೆ ಮಾತ್ರ ಪರೀಕ್ಷೆಯನ್ನು ಒಪ್ಪಿಸಲಿಲ್ಲ. ಅನ್ನವನ್ನು ಬೆಂಕಿಗೆ ಹಾಕಿ ನೋಡುವುದು, ಹಕ್ಕಿಗಳಿಗೆ ತೋರಿಸುವುದು ಮುಂತಾದ ಉಪಾಯಗಳನ್ನೂ ವಿಧಿಸಿದನು. ಆ ಉಪಾಯಗಳು ಇಂದು ಪ್ರಮಾಣವಲ್ಲ. ಆದರೆ ನಾಲಗೆಗೂ ಮೂಗಿಗೂ ಸಿಕ್ಕದ ದೋಷವು ಅನ್ನದಲ್ಲಿರಬಹುದೆಂಬ ಅವನ ಮೂಲಭಾವನೆಯು ಸರಿಯಾದುದೆಂಬುದು ಮೀನಿನ ವಿಷಯದಲ್ಲಿ ವಿಶೇಷವಾಗಿ ಸಿದ್ಧವಾಗಿದೆ.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಶಕ ೧೦೫೧ರ, ಎಂದರೆ ಕ್ರಿ. ಶ. ೧೧೨೯ರ ಸುಮಾರಿನದು. ಶ್ರೀಗೊಂದೇಕರರು ಸಂಪಾದಿಸಿದ ಇದರ ಮೊದಲ ಸಂಪುಟವು ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ೧೯೨೫ರಲ್ಲಿಯೂ ಎರಡನೆಯದು ೧೯೩೯ರಲ್ಲಿಯೂ ಹೊರಬಂದವು. ಚಾವುಂಡರಾಯನ ಲೋಕೋಪಕಾರ, ಮಂಗರಸನ ಸೂಪಶಾಸ್ತ್ರ ಮೊದಲಾದ ಕನ್ನಡದ ಪಾಕಗ್ರಂಥಗಳು ಶಾಕಾಹಾರಕ್ಕೆ ಸೀಮಿತವಾಗಿರಲು, ಸೋಮೇಶ್ವರನು ಅನ್ನಭೋಗಪ್ರಕರಣದಲ್ಲಿ ಮೀನಿನ ಪಾಕವನ್ನೂ ಮತ್ಸ್ಯವಿನೋದದಲ್ಲಿ ಕಡಲಿನ ಮತ್ತು ಸಿಹಿನೀರಿನ ಮೀನುಗಳ ಜಾತಿಗಳನ್ನೂ ವರ್ಣಿಸಿದನು. ಮೀನನ್ನು ತುಂಡರಿಸಿ ತೊಳೆದು ಹುಳಿಯ ರಸದೊಡನೆ ಬೇಯಿಸುವುದು ಒಂದು ಕ್ರಮ. ತುಂಡುಗಳಿಗೆ ಉಪ್ಪು ಹಾಕಿ ಮಡಕೆಗಳಲ್ಲಿಟ್ಟು ಬೇಕಾದಾಗ ಸುಟ್ಟುಕೊಳ್ಳುವುದು ಮತ್ತೊಂದು. ಎರಡನೆಯ ಕ್ರಮದಲ್ಲಿ ಉಪ್ಪಿನ ಸ್ಥಾನವನ್ನು ಗಮನಿಸತಕ್ಕದ್ದು. ಉಪ್ಪನ್ನು ಹಾಕುವುದು ಹಸಿಯ ಮೀನಿಗೆ, ಇಡುವುದಕ್ಕೆ ಮೊದಲು. ಬೆಂಕಿಗೆ ಒಡ್ಡುವುದು ಉಣ್ಣುವ ಹೊತ್ತಿಗೆ. ಬೇಯಿಸಿ ಮಿಕ್ಕುದನ್ನು ಉಳಿಸುವ ಉಪಾಯವಿದಲ್ಲ. ಮಿಗದಂತೆ ಬೇಕಾದಷ್ಟನ್ನೇ ಬೇಯಿಸುವ ಉಪಾಯ. ಕೆಡುವುದನ್ನು ತಡೆಯಬಹುದಲ್ಲದೆ ಕೆಟ್ಟುದನ್ನು ತಿದ್ದಲಾಗದೆಂಬ ನ್ಯಾಯವು ಈ ಕ್ರಮದಲ್ಲಿ ಅಡಗಿದೆ.

೫

ಉಪ್ಪಿನ ಈ ವಿದ್ಯೆಯೇ ಕಡಲಮೀನನ್ನು ಘಟ್ಟದ ಮೇಲಕ್ಕೆ ತಂದುದು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡ ಸೀಮೆಯ ಹತ್ತಿಯು ಗಾಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದಿತು. ಕುಮಟೆಯ ಹತ್ತಿಯೆಂದೇ ಅದಕ್ಕೆ ವಿಲಾಯತಿಯಲ್ಲಿ ಹೆಸರಾಯಿತು. ಅದೇ ತಾಲೂಕಿನ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ಬೆಳೆಯುತ್ತಿದ್ದಿತು. ಉಪ್ಪು, ತೆಂಗು, ಒಣಮೀನುಗಳು ಇಂಥ ಘಟ್ಟದ ದಾರಿಗಳಿಂದಲೇ ಬಯಲುಸೀಮೆಯ ಸಂತೆಗಳಿಗೆ ಬಂದವು.

ಆದರೆ ಉಪ್ಪಿನ ಮೇಲೆ ಸರಕಾರದ ಸುಂಕವಿದ್ದಿತು. ಸುಂಕ ಹೆಚ್ಚಿದಂತೆ ಬಡ ಮೀನುಗಾರರು ಉಪ್ಪನ್ನು ಕಡಿಮೆಮಾಡಿ, ಇಲ್ಲವೆ ಚೌಳುಮಣ್ಣನ್ನು ಬಳಸಿ, ಮೀನನ್ನು ಒಣಗಿಸಬೇಕಾಯಿತು. ಅರೆ ಉಪ್ಪಿನ ಮೀನು ದಾರಿಯಲ್ಲಿಯೇ ಕೊಳೆಯುತ್ತಿದ್ದಿತು. ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞನು ೧೮೭೩ರಲ್ಲಿ ಪ್ರಕಟಿಸಿದ ಕಡಲಮೀನುಗಾರಿಕೆಯ ವರದಿಯ ಅನಂತರ ಮದರಾಸು ಪ್ರಾಂತದ ತೀರದಲ್ಲಿ, ದಕ್ಷಿಣ ಕನ್ನಡವೂ ಸೇರಿ, ಮೀನಿಗೆ ಉಪ್ಪು ಹಿಡಿಸುವ ಸರಕಾರಿ ಅಂಗಳಗಳು ಏರ್ಪಟ್ಟು ಸುಂಕದ ಹೊರೆಯಿಲ್ಲದ ಉಪ್ಪು ದೊರೆಯುವಂತಾಯಿತು. ೧೯೩೦ರಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನು ಸ್ವಾತಂತ್ರ್ಯದ ಇತಿಹಾಸದಲ್ಲಿ ಸ್ಮರಿಸುವಾಗ, ಉಪ್ಪೆಂಬುದು ಬಡವರ ಅನ್ನರಕ್ಷೆಯ ಸಾಧನವೂ ಆಗಿದ್ದಿತೆಂಬುದನ್ನು ಮರೆಯಬಾರದು.

ಒಣಮೀನಿಗೂ ಅದರದೇ ಆದ ಕೆಡುಕಿನ ಲಕ್ಷಣಗಳಿವೆ. ಉಪ್ಪಿನಲ್ಲಿಯೇ ಬಾಳಬಲ್ಲ ಸೂಕ್ಷ್ಮಜೀವಿಗಳಿಂದ ಮೈಮೇಲೆ ಕೆಂಪು ಬಣ್ಣ ಮೂಡುವುದು, ಬೂಷ್ಟಿನಿಂದ ಕಂದು ಚುಕ್ಕೆಗಳು ಬೀಳುವುದು, ಕೊಬ್ಬು ಕಮಟಿ ಹಳದಿಯಾಗುವುದು, ತೇವವೇರಿ ಮೆತ್ತಗಾಗುವುದು, ಹುಳು ಬೀಳುವುದು. ಇವುಗಳಲ್ಲಿ ಯಾವುದು ಕಂಡರೂ ಅದನ್ನು ತೊಳೆದು ಬಿಸಿಲಿಗಿಟ್ಟು ಬಳಸುವುದಕ್ಕಿಂತ ಬಿಡುವುದೇ ಲೇಸು.

೬

ಇನ್ನು ಬೇಯಿಸಿ ಮಿಕ್ಕ ಹಸಿಮೀನಿನ ಅಡಿಗೆಯ ವಿಷಯ. ಕಡಲಮೀನಿನ ಮೈಯಲ್ಲಿ ಸಹಜವಾಗಿರುವ ಒಂದು ದ್ರವ್ಯವನ್ನು ಸೂಕ್ಷ್ಮಜೀವಿಗಳು ಟ್ರೈಮೀಥೈಲಮೀನ್ ಎಂಬ ಕ್ಷಾರಸ್ವಭಾವದ ವಸ್ತುವಾಗಿ ಮಾರ್ಪಡಿಸುತ್ತವೆ. ಮೀನು ನಾರುವುದು ಮುಖ್ಯವಾಗಿ ಇದರಿಂದ. ಕೆರೆಯ ಮೀನಿನಲ್ಲಿ ಆ ಮೂಲದ್ರವ್ಯವು ಅತ್ಯಲ್ಪ. ಸ್ಮೃತಿಯ ರೋಹಿತವೇ ಇಂದು ರೋಹುವೆಂಬ ಹೆಸರಿನಿಂದ ಈ ಸೀಮೆಯ ಕೆರೆಗಳಲ್ಲಿ ಸಾಕಲ್ಪಡುತ್ತಿದೆ. ಅದು ಕೆಟ್ಟಾಗ ಬಂಗಡೆಯಂತೆಯೇ ನಾರುವುದೆಂದು ಕಾಯುವುದು ಭ್ರಾಂತಿ. ಅಲ್ಲದೆ ಹುಣಿಸೆ, ಮುರುಗಲು ಮೊದಲಾದ ಹುಳಿಗಳು ಆ ಕ್ಷಾರವಸ್ತುವಿನೊಡನೆ ಸೇರಿ ಅದು ಆವಿಯಾಗದಂತೆ ತಡೆಯುತ್ತವೆ. ಆದುದರಿಂದ ಸಾರಿಗೆ ಹುಳಿ ಬಿದ್ದೊಡನೆ ನಾತವಡಗುತ್ತದೆ. ಹುಳಿಯು ಅಡಿಗೆಯನ್ನು ಕೆಲಮಟ್ಟಿಗೆ ಕಾಯುವುದು ನಿಜ. ಅದೇ ಹುಳಿಯು ಕೆಡುಕಿನ ಗುರುತನ್ನೂ ಮರೆಮಾಡುವುದು. ಮಿತಾಕ್ಷರೆಯ ಶುಕ್ತಲಕ್ಷಣವನ್ನು ಇಲ್ಲಿ ಅನ್ವಯಿಸಿ ನೋಡಿದರೆ, ಸ್ವಭಾವದಿಂದ ಹುಳಿಯಾದ ಸಾರಿನಲ್ಲಿ ಕಾಲದಿಂದ ಬಂದ ಹುಳಿಯನ್ನು ನಾಲಗೆಯು ಬೇರ್ಪಡಿಸಲಾರದು.

ಇದಕ್ಕಿಂತ ಗುರುತರವಾದುದು ಹಿಸ್ಟಮಿನ್ ಎಂಬ ವಿಷ. ಬಂಗಡೆ, ತಾರ್ಲಿ, ಟ್ಯೂನಾ ಜಾತಿಯ ಮೀನುಗಳನ್ನು ತಂಪಿಲ್ಲದೆ ಇಟ್ಟರೆ ಅವುಗಳಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವು ಸೂಕ್ಷ್ಮಜೀವಿಗಳಿಂದ ಹಿಸ್ಟಮಿನ್ ಆಗಿ ಪರಿಣಮಿಸುತ್ತದೆ. ಇದಕ್ಕೆ ಎದ್ದುಕಾಣುವ ಬಣ್ಣವಿಲ್ಲ, ನಾತವಿಲ್ಲ. ಕುದಿಸಿದರೂ ಹುರಿದರೂ ಮಂಜುಗಟ್ಟಿಸಿದರೂ ಇದು ನಾಶವಾಗದು. ಉಂಡವರಿಗೆ ಕೆಲವು ನಿಮಿಷಗಳಿಂದ ಕೆಲವು ತಾಸುಗಳೊಳಗೆ ಮುಖ ಕೆಂಪೇರುವುದು, ತಲೆನೋವು, ಮೈಮೇಲೆ ದದ್ದು, ಎದೆ ಹಾರುವುದು, ವಾಂತಿ ಭೇದಿಗಳು ಕಾಣಿಸುತ್ತವೆ. ಉಸಿರಾಟಕ್ಕೆ ತೊಂದರೆಯಾದರೆ ತಡವಿಲ್ಲದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಿಕ್ಕ ಸಾರನ್ನು ಬೆಳಗ್ಗೆ ಸಂಜೆ ಕುದಿಸಿಡುವ ವಾಡಿಕೆಯು ಜೀವಿಗಳನ್ನು ಕೊಲ್ಲಬಹುದು. ಅವು ಅದಾಗಲೇ ಬಿಟ್ಟ ಇಂಥ ವಿಷಗಳನ್ನು ಕಳೆಯಲಾರದು. ಆದುದರಿಂದ ಮಿಕ್ಕ ಅಡಿಗೆಯ ರಕ್ಷಣೆಯು ಮೀನನ್ನು ಕೊಳ್ಳುವಾಗಲೇ ಆರಂಭವಾಗುತ್ತದೆ. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಕುಳಿತ ಮೀನನ್ನು ಯಾವ ಪಾಕಕೌಶಲವೂ ಶುದ್ಧಗೊಳಿಸದು.

ಹೀಗಿರುವುದರಿಂದ ಕಾಲವನ್ನೇ ಪ್ರಮಾಣವಾಗಿ ಇಟ್ಟುಕೊಳ್ಳುವುದು ಅನಿವಾರ್ಯ. ಬೇಯಿಸಿದ ಅಡಿಗೆಯನ್ನು ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದೆಂಬುದು ಜಾಗತಿಕ ಆರೋಗ್ಯ ಸಂಸ್ಥೆಯ ವಿಧಿ. ಬೇಸಗೆಯ ಕಡುಬಿಸಿಲಿನಲ್ಲಿ ಒಂದು ತಾಸೇ ಮಿತಿಯೆನ್ನಬೇಕು. ೫ರಿಂದ ೬೦ ಡಿಗ್ರಿ ಸೆಲ್ಸಿಯಸ್ಸಿನ ನಡುವಣ ಉಷ್ಣವು ಸೂಕ್ಷ್ಮಜೀವಿಗಳ ವೃದ್ಧಿಗೆ ಅನುಕೂಲವಾದುದು. ಮಿಕ್ಕುದನ್ನು ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿದರೆ ಬೇಗ ಆರುವುದು. ಆಮೇಲೆ ಮುಚ್ಚಿ ೫ ಡಿಗ್ರಿಗಿಂತ ತಣ್ಣಗಿರುವ ಶೀತಪೆಟ್ಟಿಗೆಯಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸತಕ್ಕದ್ದು. ಹೆಚ್ಚು ಕಾಲ ಇಡುವುದಾದರೆ ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಮಂಜುಗಟ್ಟಿಸಬೇಕು. ವಿದ್ಯುತ್ತು ನಿಂತಾಗ ಬಾಗಿಲು ತೆರೆಯದ ಶೀತಪೆಟ್ಟಿಗೆಯು ಸುಮಾರು ನಾಲ್ಕು ತಾಸು ಮಾತ್ರ ತಂಪನ್ನು ಹಿಡಿಯುವುದು. ಉಣ್ಣುವಷ್ಟನ್ನೇ ಹೊರತೆಗೆದು, ನಡುವಣ ತುಂಡೂ ಹೊಗೆಯಾಡುವಂತೆ ಕಾಯಿಸಿ, ಒಮ್ಮೆ ಕಾಯಿಸಿದುದನ್ನು ಮತ್ತೆ ಇಡದಿರಬೇಕು. ಹುಳಿಯ ಸಾರನ್ನು ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಗಳಲ್ಲಿ ಇಡಬಾರದು. ಮಣ್ಣಿನ ಪಾತ್ರೆ, ಗಾಜು, ಉಕ್ಕುಗಳು ಯೋಗ್ಯ.

ಇಂದ್ರಿಯಗಳ ಸಾಕ್ಷ್ಯವು ವ್ಯರ್ಥವೆಂದು ಇದರ ತಾತ್ಪರ್ಯವಲ್ಲ. ಸಾರಿನ ಮೇಲೆ ನೊರೆ ಗುಳ್ಳೆಗಳೇಳುವುದು, ತೆಂಗಿನಹಾಲು ಒಡೆದು ಹುಳಿನಾತ ಬರುವುದು, ತುಂಡಿನ ಮೇಲೆ ಲೋಳೆ ಕಟ್ಟುವುದು, ಸಿಗಡಿ ಏಡಿಗಳಲ್ಲಿ ಕಟುವಾದ ಕ್ಷಾರಗಂಧವೇಳುವುದು, ಬೂಷ್ಟು ಹಿಡಿಯುವುದು, ಇವು ಕೆಟ್ಟುದಕ್ಕೆ ಸಾಕಾದ ಪ್ರಮಾಣಗಳು. ಆದರೆ ಇವು ಇಲ್ಲದಿರುವುದು ಕೆಡದಿರುವುದಕ್ಕೆ ಪ್ರಮಾಣವಾಗದು. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬ ಅನುಮಾನವು ಸಾಧು. ಹೊಗೆಯಿಲ್ಲದಲ್ಲಿ ಬೆಂಕಿಯಿಲ್ಲವೆಂಬುದು ಸಾಧುವಲ್ಲ, ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲದ ಬೆಂಕಿಯುಂಟೆಂಬುದು ತರ್ಕಪಾಠದ ಮೊದಲಲ್ಲಿಯೇ ಬರುವ ಮಾತು. ಮೂಗನ್ನು ನಂಬಿ ಉಣ್ಣುವವರು ಈ ಎರಡನೆಯ ತಪ್ಪನ್ನೇ ಮಾಡುತ್ತಾರೆ. ಸಂಶಯ ಬಂದಾಗ ರುಚಿನೋಡಿ ನಿರ್ಣಯಿಸುವುದೂ ಅಪಾಯಕರ.

೭

ಇದುವರೆಗಿನ ವಿಚಾರದಿಂದ ಪ್ರಾಚೀನರು ಸೂಕ್ಷ್ಮಜೀವಿಗಳನ್ನು ಅರಿತಿದ್ದರೆಂದಾಗಲಿ, ಯಾಮವೆಂಬ ಮೂರು ತಾಸಿನ ಅಳತೆಯೂ ಇಂದಿನ ಎರಡು ತಾಸಿನ ಮಿತಿಯೂ ಒಂದೇ ಎಂದಾಗಲಿ ಸಾಧಿಸುವುದು ಉದ್ದೇಶವಲ್ಲ. ಅವರಿಗೆ ಕಾರಣವು ತಿಳಿದಿರಲಿಲ್ಲ. ಕಾಲ ಕಳೆದಂತೆ ಅನ್ನವು ಕೆಡುವುದೆಂಬ ಅನುಭವವು ತಿಳಿದಿದ್ದಿತು, ಆ ಅನುಭವವನ್ನು ಶಬ್ದಗಳಲ್ಲಿ ಬೇರ್ಪಡಿಸಿ ಇಟ್ಟರು. ಮಡಿಯ ಪಟ್ಟಿಯೊಳಗೆ ಸೇರಿ ಮಸುಕಾದ ಆ ಭೇದವನ್ನು ಎತ್ತಿ ತೋರಿಸುವುದು ಸಾಹಿತ್ಯಬೋಧಕರಿಂದ ಸುಲಭವಾಗಿ ಆಗಬಹುದಾದ ಕೆಲಸ. ತಂಗಳು, ಹಳಸು, ನಾರು ಎಂಬ ಪದಗಳನ್ನು ಪಾಠಹೇಳುವಾಗ ಅವುಗಳ ಧಾತ್ವರ್ಥವನ್ನು ಬಿಡಿಸಿ ಹೇಳಿದರೆ, ನಾರುವುದಕ್ಕೆ ಮೊದಲೇ ಹಳಸುವುದುಂಟೆಂಬ ಅರಿವು ಮಕ್ಕಳ ಮೂಲಕ ಅಡಿಗೆಮನೆಯನ್ನು ಮುಟ್ಟುವುದು.

ಮತ್ತೊಂದು ಕಾರ್ಯವೂ ಉಳಿದಿದೆ. ಮೇಲೆ ಉದ್ಧರಿಸಿದ ಗ್ರಂಥಕಾರರಲ್ಲಿ ಒಬ್ಬನೂ ಮೀನು ಹಿಡಿದು ಉಪ್ಪು ಹಾಕಿ ಬದುಕಿದವನಲ್ಲ. ಆ ವಿದ್ಯೆಯು ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರರ ಮತ್ತು ಘಟ್ಟದ ಮೇಲಣ ಅಂಬಿಗ, ಬೆಸ್ತರ ಮನೆಯ ಹೆಂಗಸರ ಕೈಯಲ್ಲಿ ಬೆಳೆದು ಬಂದುದು. ಕಿವಿರಿನ ಬಣ್ಣ, ಕಣ್ಣಿನ ಹೊಳಪು, ಬೆರಳೊತ್ತಿದರೆ ಮತ್ತೆ ಏಳುವ ಮಾಂಸದ ಬಿಗುವು, ಉಪ್ಪಿನ ಹದ, ಇವುಗಳಿಗೆ ಅವರಲ್ಲಿ ಬಳಕೆಯಲ್ಲಿರುವ ಶಬ್ದಗಳು ನಿಘಂಟುಗಳಲ್ಲಿ ಸೇರಬೇಕಾಗಿವೆ. ಶೀತಪೆಟ್ಟಿಗೆಯು ಮನೆಮನೆಗೂ ಬಂದ ಮೇಲೆ ಉಪ್ಪಿನ ಮಡಕೆಯೂ ಅದರೊಡನೆ ಆ ಮಾತುಗಳೂ ಹಿಂದೆ ಸರಿಯುತ್ತಿವೆ. ಹಾನಗಲ್ಲು, ಶಿಗ್ಗಾಂವಿ ಸೀಮೆಯ ಸಂತೆಗಳಲ್ಲಿ ಒಣಮೀನು ಮಾರುವ ಮುದುಕಿಯರಿಂದ ಅವನ್ನು ಕೇಳಿ ಬರೆದಿಡುವುದು ಇಲ್ಲಿಯ ಅಧ್ಯಾಪಕರಿಗೆ ದೂರದ ಕೆಲಸವಲ್ಲ.